ಈರಕ್ಕನ ಮೈತುರಿಕೆ

ಕೊರೊನಾದ ಎರಡನೇ ಅಲೆ ಇಳಿದ ಮರುವರ್ಷ ನಾನು ಶಿರಾ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇನ್ನಾದರೂ ಸಿಟ್ಟು ಕಡಿಮೆ ಮಾಡಿಕೊಳ್ಳಿ ಎಂದು ಮನೆಯವರು ಹೇಳುತ್ತಿದ್ದರು. ಈರಕ್ಕನನ್ನು ನೆನೆದರೆ ಅದು ಈಗಲೂ ನನ್ನಿಂದ ಆಗುವುದಿಲ್ಲ.

ಈರಕ್ಕ ತಾವರೆಕೆರೆ ಕಡೆಯ ಹಳ್ಳಿಯವರು, ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ವಯಸ್ಸು ಐವತ್ತೆರಡು. ಬಂದದ್ದು ಔಷಧಿಗಲ್ಲ, ಸರ್ಟಿಫಿಕೇಟಿಗೆ. ಸದಾ ಮೈ ಕೆರೆದುಕೊಳ್ಳುತ್ತಾರೆ, ಏನೋ ಅಂಟುರೋಗವಿರಬೇಕು, ಮಕ್ಕಳಿಗೆ ಹರಡುತ್ತದೆ ಎಂದು ಶಾಲಾ ಸಮಿತಿಯ ಅಧ್ಯಕ್ಷರು ಅವರನ್ನು ಅಡುಗೆಮನೆಯಿಂದ ಹೊರಗಿಟ್ಟಿದ್ದರು. ಅಂಟುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅಷ್ಟು ವರ್ಷ ಅವರ ಕೈಯಡುಗೆ ಉಂಡ ಊರಿನಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ.

ಕೈ, ಬೆನ್ನು, ಹೊಟ್ಟೆ ನೋಡಿದೆ. ಉಗುರಿನ ಗೀರು ಬಿಟ್ಟರೆ ಒಂದು ಗುಳ್ಳೆಯಿಲ್ಲ, ದದ್ದಿಲ್ಲ. ಮುಖ ಮಾತ್ರ ಬಿಸಿಲಲ್ಲಿ ನಡೆದು ಬಂದವರ ಹಾಗೆ ಕೆಂಪಗಿತ್ತು. ಎರಡು ವರ್ಷದಿಂದ ಹೋದಲ್ಲೆಲ್ಲ ಅಲರ್ಜಿ ಮಾತ್ರೆ, ಅಲರ್ಜಿ ಇಂಜೆಕ್ಷನ್.

"ತುರಿಕೆ ಯಾವಾಗ ಬರುತ್ತೆ?" ಎಂದು ಕೇಳಿದೆ.

"ನೀರು ಉಯ್ಕಂಡ್ಮೇಲೆ ಡಾಕ್ಟ್ರಮ್ಮ. ಬಿಸ್ನೀರು ಬಿದ್ರೆ ಮೈಯೆಲ್ಲಾ ಸೂಜಿ ಚುಚ್ದಂಗಾಯ್ತದೆ. ಅದ್ಕೇ ಸ್ನಾನ್ವೇ ಬುಟ್ಬುಟ್ಟಿದ್ದೆ. ಗಲೀಜು ಹೆಂಗ್ಸು ಅಂದ್ರು."

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ. ರಕ್ತ ಪರೀಕ್ಷೆ ಮಾಡಿಸೋಣ ಎಂದಾಗ ಈರಕ್ಕ ನಕ್ಕರು.

"ರಕ್ತಕ್ಕೇನೂ ಮೋಸ ಇಲ್ಲ ಬುಡಿ. ಹೋದ್ವರ್ಸ ಕ್ಯಾಂಪ್‌ನಾಗೆ ನೋಡಿ, ಹದ್ನೆಂಟೈತೆ, ಊರಿಗೆಲ್ಲಾ ಹಂಚ್ಬೋದು ಅಂತ ಚಪ್ಪಾಳೆ ತಟ್ಟಿದ್ರು."

ಚಪ್ಪಾಳೆ! ನಮ್ಮ ಕಡೆ ಹೆಂಗಸರ ಹಿಮೋಗ್ಲೋಬಿನ್ ಎಂಟು, ಒಂಬತ್ತು ಕಂಡು ಕಂಡು ಎಲ್ಲರ ಕಣ್ಣೂ ಅದಕ್ಕೇ ಒಗ್ಗಿಹೋಗಿದೆ. ಕಡಿಮೆಯಾದರೆ ಕಾಯಿಲೆ, ಹೆಚ್ಚಾದರೆ ಭಾಗ್ಯ. ಹನ್ನೆರಡರಿಂದ ಹದಿನೈದರೊಳಗೆ ಇರಬೇಕಾದ ಹೆಣ್ಣುಮಗಳಿಗೆ ಹದಿನೆಂಟು ಏಕಿದೆ ಎಂದು ಯೋಚಿಸುವಷ್ಟು ವ್ಯವಧಾನ ಆ ಶಿಬಿರದವರಿಗೆ ಇರಲಿಲ್ಲ. ಸಾಲದ್ದಕ್ಕೆ ಎಲ್ಲರ ಜೊತೆ ಇವರಿಗೂ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸಿದ್ದರು. ಉರಿಯುವ ಒಲೆಗೆ ಇನ್ನಷ್ಟು ಸೌದೆ ಒಟ್ಟಿದ ಹಾಗೆ.

ನಾನು ಮಾಡಿಸಿದಾಗ 19.2 ಬಂತು. ಎಡ ಪಕ್ಕೆಯ ಕೆಳಗೆ ಊದಿದ ಗುಲ್ಮ, ಅಂದರೆ ಸ್ಪ್ಲೀನ್, ಕೈಗೆ ಸಿಕ್ಕಿತು. ಬೆಂಗಳೂರಿಗೆ ಕಳಿಸಿದ ರಕ್ತದಲ್ಲಿ ಜಾಕ್-2 ಎಂಬ ಜೀನಿನ ದೋಷ ಕಂಡಿತು. ಪಾಲಿಸೈಥೀಮಿಯಾ ವೆರಾ, ನಿಧಾನವಾಗಿ ಬೆಳೆಯುವ ಒಂದು ರಕ್ತದ ಕ್ಯಾನ್ಸರ್. ಇದರಲ್ಲಿ ಮೂಳೆಯ ಮಜ್ಜೆ ಲಂಗುಲಗಾಮಿಲ್ಲದೆ ರಕ್ತಕಣಗಳನ್ನು ಹುಟ್ಟಿಸುತ್ತದೆ. ಅದೇ ಮಜ್ಜೆಯ ಮೂಲದ ಮಾಸ್ಟ್ ಕಣ, ಬೇಸೊಫಿಲ್ ಎಂಬ ರಕ್ಷಣಾ ಕಣಗಳ ಒಳಗೆ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ಹುಳು ಕಚ್ಚಿದಾಗ ಅದನ್ನು ಹೊರಬಿಟ್ಟು ದೇಹವನ್ನು ಎಚ್ಚರಿಸುವುದು ಅವುಗಳ ಕೆಲಸ. ಈ ರೋಗದಲ್ಲಿ ಬರೀ ನೀರು ಬಿದ್ದರೂ ಅವು ಕೆರಳುತ್ತವೆ. ಹಿಸ್ಟಮಿನ್ ಒಂದೇ ಕಾರಣವಲ್ಲದ್ದರಿಂದ ಅಲರ್ಜಿ ಮಾತ್ರೆ ಎಷ್ಟು ನುಂಗಿದರೂ ತುರಿಕೆ ಪೂರ್ತಿ ನಿಲ್ಲುವುದಿಲ್ಲ. ನಿಜವಾದ ಅಪಾಯ ಬೇರೆಯೇ. ಮಂದವಾದ ರಕ್ತ ಮಿದುಳಿನಲ್ಲಿ ಹೆಪ್ಪುಗಟ್ಟಿದರೆ ಒಲೆಯ ಮುಂದೆಯೇ ಈರಕ್ಕನಿಗೆ ಲಕ್ವ ಹೊಡೆಯಬಹುದಿತ್ತು.

ರಕ್ತದ ಮಂದ ಇಳಿಸಲು ಆಗಾಗ ಒಂದಿಷ್ಟು ರಕ್ತ ತೆಗೆಸಿದೆವು. ಹೆಪ್ಪುಗಟ್ಟದಂತೆ ಆಸ್ಪಿರಿನ್, ಕಣಗಳ ಹುಟ್ಟು ತಗ್ಗಿಸಲು ಹೈಡ್ರಾಕ್ಸಿಯೂರಿಯಾ ಶುರುವಾಯಿತು. ಈರಕ್ಕನ ಒಪ್ಪಿಗೆ ಪಡೆದು ಅಧ್ಯಕ್ಷರಿಗೆ ನಾನೇ ಫೋನ್ ಮಾಡಿ ಗಟ್ಟಿಯಾಗಿಯೇ ಹೇಳಿದೆ, ಇದು ಅಂಟುವ ಕಾಯಿಲೆಯಲ್ಲ, ಕ್ಯಾನ್ಸರ್ ಎಂದು. "ಅಯ್ಯೋ ಪಾಪ, ಅಂಗಾ ಮೇಡಂ? ಗೊತ್ತೇ ಆಗ್ಲಿಲ್ಲ" ಎಂದರು. ಕೆಲಸ ಮರಳಿ ಸಿಕ್ಕಿತು.

ಕೆಲವು ತಿಂಗಳಲ್ಲಿ ತುರಿಕೆ ಬಹಳಷ್ಟು ತಗ್ಗಿತು. ತಪಾಸಣೆಗೆ ಬಂದ ಈರಕ್ಕ ತಲೆಗೆ ಎರೆದುಕೊಂಡು ಹೂ ಮುಡಿದಿದ್ದರು. ಆದರೆ ಮುಖದಲ್ಲಿ ಸಂತೋಷವಿರಲಿಲ್ಲ.

"ನೋಡಿ ಡಾಕ್ಟ್ರಮ್ಮ, ಕೆರ್ಕಂತಿದ್ದಾಗ ಒಬ್ರೂ ನಮ್ಮನೆ ಒಸ್ಲು ತುಳೀಲಿಲ್ಲ. ಕ್ಯಾನ್ಸರ್ ಅಂದೇಟ್ಗೆ ಅಧ್ಯಕ್ಸರೇ ಸೇಬಣ್ಣು ತಕ್ಕಂಡ್ ಬಂದವ್ರೆ. ಅವಾಗ್ಲೂ ಇದೇ ಕಾಯ್ಲೆ ತಾನೆ ನಂಗಿದ್ದಿದ್ದು?"

ನಾನು ಬಿ.ಪಿ. ನೋಡತೊಡಗಿದೆ. ರೋಗಿಯ ಮಾತನ್ನು ನಂಬುವುದಕ್ಕೆ ಅವರ ಕಾಯಿಲೆಗೊಂದು ದೊಡ್ಡ ಹೆಸರು ಸಿಗುವವರೆಗೆ ಕಾಯಬಾರದು ಎಂಬುದನ್ನು ನನ್ನ ವೃತ್ತಿ ಅಂದು ಕಲಿಸಿತು. ಈರಕ್ಕನ ಊರು ಅದನ್ನು ಕಲಿತಿದೆಯೆಂದು ನನಗೆ ಇಂದಿಗೂ ಅನ್ನಿಸಿಲ್ಲ.