ಐಸ್ ಕೋಣೆಯ ಮೂರು ಬಡಿತ

ನನ್ನ ಎಡಗೈಯ ಎರಡು ಬೆರಳ ತುದಿಗಳಿಗೆ ಇಂದಿಗೂ ಸ್ಪರ್ಶ ತಿಳಿಯುವುದಿಲ್ಲ. ಈ ಘಟನೆಗೆ ನನ್ನಲ್ಲಿರುವ ಸಾಕ್ಷಿ ಅಷ್ಟೇ. ಧಾರವಾಡದಲ್ಲಿ ಗಣಿತ ಓದಿದವಳು ನಾನು, ಕಥೆ ಕಟ್ಟುವ ಅಭ್ಯಾಸವಿಲ್ಲ. ನಡೆದಷ್ಟನ್ನೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಆರಂಭ. ಕಾಲುವೆ ನೀರಿನ ಸರದಿ ಲೆಕ್ಕ ಹಾಕಲೆಂದು ಸಿಂಧನೂರಿಗೆ ಒಂದು ಹಳೆಯ ಕಂಪ್ಯೂಟರ್ ಬಂತು. ಎರಡು ಕಪಾಟುಗಳಷ್ಟು ದೊಡ್ಡದು. ಅದರ ಅಂಕಿ ಬರೆದುಕೊಳ್ಳುವುದು ನನ್ನ ಕೆಲಸ. ಏಪ್ರಿಲ್ ಬಿಸಿಲಿಗೆ ಅದು ಕಾದು ತಪ್ಪು ಉತ್ತರ ಕೊಡತೊಡಗಿತು.

ಅದನ್ನು ತಂದ ಬೆಂಗಳೂರಿನ ಸಾಹೇಬರು ಊರ ಹೊರಗಿನ ಐಸ್ ಫ್ಯಾಕ್ಟರಿಯ ತಣ್ಣನೆಯ ಕೋಣೆಯಲ್ಲಿ ಅದನ್ನು ಇಡಿಸಿದರು. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಮೀನು ವ್ಯಾಪಾರಿಗಳಿಗೆ ಐಸ್ ಮಾಡುತ್ತಿದ್ದ ಅಮೋನಿಯಾ ಯಂತ್ರವೇ ಕಂಪ್ಯೂಟರನ್ನೂ ತಣಿಸಬೇಕಿತ್ತು. ಹದಿನೆಂಟು ಡಿಗ್ರಿ ಸಾಕು, ಅದಕ್ಕಿಂತ ಇಳಿಸಿದರೆ ಬಾಗಿಲು ತೆರೆದಾಗಲೆಲ್ಲ ಒಳಗೆ ನೀರು ಕೂರುತ್ತದೆ ಎಂದೆ.

“ತಣ್ಣಗಾದಷ್ಟೂ ಒಳ್ಳೇದಲ್ವೇನ್ರೀ? ಸೊನ್ನೆಗಿಂತ ಕೆಳಗೆ ಇಳಿಸಿ ತೋರಿಸ್ತೀನಿ. ನೀವು ಅಂಕಿ ಬರ್ಕೊಳ್ಳಿ, ಸಾಕು” ಎಂದರು ಸಾಹೇಬರು.

ಐಸ್ ಯಂತ್ರ ನೋಡಿಕೊಳ್ಳುತ್ತಿದ್ದವರು ಖಾಜಾಸಾಬ್. ಮೊದಲ ದಿನವೇ ಅವರು ನನ್ನನ್ನು ಆ ಕೋಣೆಯ ದಪ್ಪ ಬಾಗಿಲಿನ ಮುಂದೆ ನಿಲ್ಲಿಸಿದರು. ಅದಕ್ಕೆ ಚಿಲಕ ಇದ್ದದ್ದು ಹೊರಗೆ ಮಾತ್ರ. ಬಾಗಿಲ ಪಕ್ಕದಲ್ಲೇ ಗೋಡೆ ತೂರಿ ಒಳಗೆ ಹೋಗುವ ಕಬ್ಬಿಣದ ಪೈಪು.

“ಕೇಳ್ರಿ ಅಕ್ಕಾವ್ರ. ಬಾಗಲಾ ಹಾಕೋರು ಈ ಪೈಪಿನ ಮ್ಯಾಲ ಎರಡ ಸಲ ಬಡೀಬೇಕು, ಒಳಗ ಯಾರರ ಅದೀರೇನು ಅಂತ. ಒಳಗಿದ್ದೋರು ಮೂರು ಸಲ ಬಡಿದು ಜವಾಬ್ ಕೊಡಬೇಕು, ಅದೀನಿ ಅಂತ. ಮರ್ತ್ರೋ, ಮುಂಜಾನಿ ಐಸಿನ ಜೋಡಿ ಕ್ಯಾಂಪಿಗೆ ಹೊಂಟ್ರಿ ನೋಡ್ರಿ!”

ಸಾಹೇಬರು ಅದನ್ನು ನಿಲ್ಲಿಸಿಬಿಟ್ಟರು. “ಯಂತ್ರದ ಪಕ್ಕ ಯಾರೂ ಕಬ್ಬಿಣ ಬಡೀಬೇಡಿ. ಇದೇನು ಕಮ್ಮಾರಸಾಲೆಯಾ?” ನಾನು ವಿರೋಧಿಸಿದೆ. ಅವರು ನನ್ನತ್ತ ತಿರುಗಲೂ ಇಲ್ಲ.

ಹಗಲು ಅಕ್ಕಿ ಗಿರಣಿಗಳಿಂದಾಗಿ ವೋಲ್ಟೇಜ್ ನಿಲ್ಲುತ್ತಿರಲಿಲ್ಲ. ಹಾಗಾಗಿ ಪರೀಕ್ಷೆ ರಾತ್ರಿಯೇ. ಅಂದು ಖಾಜಾಸಾಬ್ ಮಗಳ ಮನೆಗೆಂದು ಲಿಂಗಸುಗೂರಿಗೆ ಹೋಗಿದ್ದರು. ಫ್ಯಾಕ್ಟರಿಯಲ್ಲಿ ಸಾಹೇಬರು, ನಾನು, ಇಬ್ಬರೇ.

ಮಸ್ಕಿಯ ಕಂಬಳಿ ಹೊದ್ದು ಒಳಗೆ ಹೋದೆ. ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ... ಕಂಪ್ಯೂಟರಿನ ಹಿಂದೆ ಬಾಗಿ ಬರೆದುಕೊಳ್ಳುತ್ತಿದ್ದಾಗ ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಬಡಿತ ಇರಲಿಲ್ಲ.

ಕೂಗಿದೆ. ಕೈಯಲ್ಲಿದ್ದ ಉಕ್ಕಿನ ಸ್ಕೇಲಿನಿಂದ ಪೈಪಿಗೆ ಬಡಿದೆ. ಮೂರು, ಮತ್ತೆ ಮೂರು. ಸಾಹೇಬರು ಬಾಗಿಲು ಹಾಕಿ ಊಟಕ್ಕೆ ಹೋಗಿದ್ದರೆಂದು ಆಮೇಲೆ ತಿಳಿಯಿತು. ಹೆದರಿಕೆಗಿಂತ ಮೊದಲು ಬಂದದ್ದು ಕೋಪ. ಎರಡು ಬಡಿತ! ಒಬ್ಬ ಮನುಷ್ಯನಿಗೆ ಅದೆಷ್ಟು ಹೊತ್ತಿನ ಕೆಲಸ?

ಎಡಗೈ ಪೈಪಿಗೆ ಅಂಟಿಕೊಂಡಿತು. ಕಿತ್ತುಕೊಂಡೆ, ಚರ್ಮ ಅಲ್ಲೇ ಉಳಿಯಿತು. ಕಾಲು ಮರಗಟ್ಟಿತು. ಆಮೇಲೆ ನಿದ್ದೆ ಬರತೊಡಗಿತು... ಅದು ನಿದ್ದೆಯಲ್ಲ ಎಂದು ನನಗೆ ಗೊತ್ತಿತ್ತು.

ಆಗ ಕರೆಂಟ್ ಹೋಯಿತು. ಕತ್ತಲೆ. ಯಂತ್ರಗಳೆಲ್ಲ ನಿಂತವು. ಅಮೋನಿಯಾದ ಘಾಟಿನ ನಡುವೆ ಎಲ್ಲಿಂದಲೋ ಬೀಡಿಯ ವಾಸನೆ...

ಟಣ್... ಟಣ್... ಟಣ್.

ಅದೇ ಪೈಪು. ಯಾರೋ ಬಂದರು! ಎರಡೂ ಕೈಯಲ್ಲಿ ಸ್ಕೇಲು ಹಿಡಿದು ಮೂರು ಸಲ ಬಡಿದೆ. ತುಸು ಹೊತ್ತಿಗೆ ಚಿಲಕ ಮೇಲೆದ್ದ ಸದ್ದು. ಬಾಗಿಲು ತಾನೇ ಹೊರಳಿ, ಬಿಸಿ ಗಾಳಿ ಮುಖಕ್ಕೆ ಬಡಿಯಿತು.

ಹೊರಗೆ ಲಾಟೀನು ಉರಿಯುತ್ತಿತ್ತು. ಯಾರೂ ಇರಲಿಲ್ಲ.

ಸಾಹೇಬರ ಜೀಪು ಬಂದದ್ದು ಆಮೇಲೆ. ನಾನು ಗೋಡೆಗೊರಗಿ ಕೂತಿದ್ದೆ. ಅವರು ನೋಡಿದ್ದು ತೆರೆದ ಬಾಗಿಲನ್ನು. “ಏನ್ರೀ ಇದು? ತಂಪೆಲ್ಲ ಹೋಯ್ತಲ್ಲ!” ಎಂದು ದಡಕ್ಕನೆ ಮುಚ್ಚಿ ಚಿಲಕ ಹಾಕಿದರು. ನಡೆದದ್ದನ್ನು ಹೇಳಿದೆ. “ನಾನು ಬಾಗಿಲು ಹಾಕಿರಲೇ ಇಲ್ಲ. ನೀವು ಗಾಬರಿಯಾಗಿದ್ದೀರಿ” ಎಂದರು. ಕಂಪ್ಯೂಟರಿನೊಳಗೆ ನೀರು ಕೂತು ಕೆಟ್ಟದ್ದಕ್ಕೂ ವರದಿಯಲ್ಲಿ ನನ್ನ ಹೆಸರನ್ನೇ ಬರೆದರು.

ಮುಂಜಾನೆ ಊರಿಂದ ಮರಳಿದ ಖಾಜಾಸಾಬ್ ನನ್ನ ಬೆರಳಿಗೆ ಬಟ್ಟೆ ಸುತ್ತುತ್ತ ಕೇಳಿದರು. “ಬಾಗಲಾ ಯಾರು ತಗದ್ರು?”

“ಗೊತ್ತಿಲ್ಲರಿ. ಯಾರೋ ಹೊರಗಿನಿಂದ ಮೂರು ಸಲ ಬಡಿದ್ರು.”

ಅವರ ಕೈ ನಿಂತಿತು. “ಮೂರೋ, ಎರಡೋ? ಛಲೋತ್ನಂಗ ನೆನಪ ಮಾಡ್ಕೋರಿ.”

“ಮೂರು. ಎಣಿಸೋದೇ ನನ್ನ ಕೆಲಸ.”

ಅವರು ದನಿ ತಗ್ಗಿಸಿದರು. “ಹೊರಗಿನೋರು ಎರಡ ಬಡೀತಾರ್ರಿ ಅಕ್ಕಾವ್ರ... ಮೂರು ಬಡಿಯೋರು ಒಳಗಿದ್ದೋರು.”

ನನಗಿಂತ ಮೊದಲು ಅಲ್ಲಿ ಯಾರು ಸಿಕ್ಕಿಬಿದ್ದಿದ್ದರು ಎಂದು ಕೇಳಿದೆ. ಅವರು ಗಂಟು ಬಿಗಿದು, ಎದ್ದು ಹೋದರು.

ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಬೆರಳಿನ ಬಗ್ಗೆ ನಾನು ಯೋಚಿಸುವುದಿಲ್ಲ. ಕಣ್ಣ ಮುಂದೆ ಬರುವುದು ಸಾಹೇಬರು ಆ ಬಾಗಿಲನ್ನು ಎರಡನೆಯ ಸಲ ದಡಕ್ಕನೆ ಮುಚ್ಚಿದ ಕ್ಷಣ. ನಾನೇನೋ ಹೊರಗಿದ್ದೆ. ಆ ಮೂರು ಬಡಿದವರು?

ಆಗಲೂ ಅವರು ಬಡಿದು ಕೇಳಲಿಲ್ಲ.