ಇನ್ನೊಂದು ಕೈಯಲ್ಲಿ ಇದ್ದದ್ದು

ಮಧ್ಯಾಹ್ನ ಎರಡು ಗಂಟೆ ಹದಿನೇಳು ನಿಮಿಷ.

ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂದರೆ, ಆಗಷ್ಟೇ ವಾಚ್ ನೋಡಿ ಕೂಗಿದ್ದೆ: "ಶ್ರೀ, ಮೂರಕ್ಕೆಲ್ಲ ಹೊರಟ್ಬಿಡೋಣ, ಆಮೇಲೆ ಬ್ರಿಜ್ ಹತ್ರ ಟ್ರಾಫಿಕ್ಕು!" ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟು ಹೊಳೆಯೊಳಗೆ ನಿಂತಿದ್ದ ನನ್ನ ಗಂಡ ಶ್ರೀಧರ ಉತ್ತರ ಕೊಡಲು ಬಾಯಿ ತೆರೆದ. ಉತ್ತರ ಬರಲಿಲ್ಲ. ನೋಡಿದರೆ ಗಂಡನೂ ಇರಲಿಲ್ಲ. ನೀರಿನ ಮೇಲೆ ಅವನ ಟೋಪಿ ಮಾತ್ರ ಇತ್ತು.

ಗಾಬರಿಯಾಗಬೇಡಿ, ಬದುಕಿದ್ದಾನೆ. ಬದುಕಿರುವುದಷ್ಟೇ ಅಲ್ಲ, ಮೂರು ವಾರಗಳಿಂದ ಸಾಂಟಾ ಕ್ಲಾರಾದಲ್ಲಿ ಎಲ್ಲರೂ ಒಂದೊಂದು ಅಡಿಗೆ ತಂದು ಸೇರುವ ಪ್ರತಿ ಪಾಟ್‌ಲಕ್ಕಿನಲ್ಲೂ, "ನನ್ ಹೆಂಡ್ತಿ ನನ್ನ ಒಂದೇ ಕೈಯಲ್ಲಿ ಎಳೆದು ಹಿಡಿದ್ಲು ಕಣ್ರೀ, ಒಂದೇ ಕೈಯಲ್ಲಿ!" ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಹೆಂಗಸರು ನನ್ನ ತೋಳು ಮುಟ್ಟಿ ನೋಡುತ್ತಾರೆ. ಗಂಡಸರು ತಮ್ಮ ತಮ್ಮ ಹೆಂಡತಿಯರನ್ನು ಸಂಶಯದಿಂದ ನೋಡುತ್ತಾರೆ.

ಒಂದು ಕೈ ಎನ್ನುವುದು ನಿಜ. ಆದರೆ ಇನ್ನೊಂದು ಕೈ ಏನು ಮಾಡುತ್ತಿತ್ತು ಎಂದು ಇದುವರೆಗೆ ಯಾರೂ ಕೇಳಿಲ್ಲ.

ಮೊದಲಿನಿಂದ ಹೇಳುತ್ತೇನೆ. ಶ್ರೀಧರನ ಕಂಪನಿ ಇಂಟರ್ನೆಟ್ಟಿನಲ್ಲಿ ಹೂಕುಂಡ ಮಾರುತ್ತದೆ. (ಅದಕ್ಕೊಂದು ಕಂಪನಿ ಯಾಕೆ ಎಂದು ಕೇಳಬಾರದು.) ಅಲ್ಲಿ ಎಲ್ಲರಿಗೂ ಒಂದೊಂದು ಹಾಬಿ ಇದೆ. ಒಬ್ಬ ಬೆಟ್ಟ ಹತ್ತುತ್ತಾನೆ, ಒಬ್ಬ ವಿಮಾನದಿಂದ ಹಾರುತ್ತಾನೆ. ಲಂಚಿನಲ್ಲಿ "ವೀಕೆಂಡಿಗೆ ಏನು ಮಾಡಿದಿರಿ?" ಎಂದು ಕೇಳಿದರೆ ಇವನು "ಗ್ರೋಸರಿ" ಎನ್ನುತ್ತಿದ್ದ. ಆ ಅವಮಾನ ಎಷ್ಟು ದಿನ ತಡೆಯುವುದು? ಒಂದು ಸಂಜೆ ಬಂದು, "ಫ್ಲೈ ಫಿಶಿಂಗ್ ಕಲಿಯೋಣ. ಹೊಳೇಲಿ ಟ್ರೌಟ್ ಮೀನು ಹಿಡಿಯೋದು" ಎಂದ.

ನಾವಿಬ್ಬರೂ ಮೊಟ್ಟೆಯನ್ನೂ ಮುಟ್ಟದವರು.

"ಹಿಡಿದು ವಾಪಸ್ ಬಿಟ್ಬಿಡ್ತಾರೆ. ಹಿಂಸೆ ಇಲ್ಲ" ಎಂದ. ಮೀನನ್ನು ಕೇಳಿದ್ದನೋ ಇಲ್ಲವೋ ಗೊತ್ತಿಲ್ಲ. ಕೆಳಗಿನ ಅಪಾರ್ಟ್‌ಮೆಂಟಿನ ರುಬೀನಾಗೆ ಹೇಳಿದೆ. ಹುಬ್ಬಳ್ಳಿಯವಳು, ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಹಿಡದ್ ಬಿಡಾಕ ಅಷ್ಟ್ ದೂರ ಯಾಕ ಹೋಗ್ತೀರಿ ಅಕ್ಕಾ? ನಮ್ಮ ಫ್ರಿಜ್ಜಿನ್ಯಾಗ ಐತಿ, ಮುಟ್ಟಿ ಅಲ್ಲೇ ಇಟ್ಬಿಡ್ರಿ!"

ಫ್ಲೈ ಫಿಶಿಂಗಿನಲ್ಲಿ ಮೊದಲು ಗಾಳಕ್ಕೆ ಬೀಳುವುದು ಮೀನಲ್ಲ, ಗಿರಾಕಿ. ಅಂಗಡಿಗೆ ಹೋದೆವು. ರಾಡು ಎಂಬ ಗಾಳದ ಕೋಲು, ರೀಲು, ಸರಕ್ಕನೆ ಜಾರುವ ದಪ್ಪ ದಾರ, ಅದರ ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ದಾರ, ಅದರ ತುದಿಗೆ ಗರಿ ಸುತ್ತಿದ ಗಾಳ. ಗರಿ ಸುತ್ತಿದ್ದನ್ನು ಮೀನು ನೊಣ ಎಂದು ನಂಬಬೇಕು. ನಾವು ಅಂಗಡಿಯವನನ್ನು ನಂಬಿದ ಹಾಗೆ. ಆಮೇಲೆ ವೇಡರ್ಸ್, ಅಂದರೆ ಆ ರಬ್ಬರ್ ಪ್ಯಾಂಟು. ಟ್ರಯಲ್ ರೂಮಿನಿಂದ ಹೊರಬಂದ ನನ್ನನ್ನು ನೋಡಿ ಗಂಡ ಹೇಳಿದ್ದು: "ಚೆನ್ನಾಗಿದೆ. ನೀರಿನ ಟ್ಯಾಂಕ್ ಕ್ಲೀನ್ ಮಾಡೋಕೆ ಬರ್ತಾರಲ್ಲ, ಹಾಗೆ."

ಕಲಿತದ್ದು ಸ್ಯಾನ್ ಫ್ರಾನ್ಸಿಸ್ಕೋದ ಪಾರ್ಕಿನಲ್ಲಿ. ಅಲ್ಲಿ ದಾರ ಬೀಸುವುದನ್ನು ಅಭ್ಯಾಸ ಮಾಡಲೆಂದೇ ಕಟ್ಟಿದ ಕೊಳಗಳಿವೆ. ಮೀನಿಲ್ಲದ ಕೊಳ! ಗಾಳದ ಬದಲು ದಾರದ ತುದಿಗೆ ಉಲ್ಲನ್ನಿನ ಚೂರು. ಪ್ರತಿ ಶನಿವಾರ ಬೆಳಿಗ್ಗೆ ನಮಗೆ ಹೇಳಿಕೊಡುತ್ತಿದ್ದವರು ವಾಲ್ಟರ್ ಎಂಬ ಎಪ್ಪತ್ತು ದಾಟಿದ ನಿವೃತ್ತ ಪೋಸ್ಟ್‌ಮ್ಯಾನ್. ಒಂದು ಪೈಸೆ ಮುಟ್ಟುತ್ತಿರಲಿಲ್ಲ.

"ನಿಮ್ಮ ಪಕ್ಕದಲ್ಲಿ ಒಂದು ದೊಡ್ಡ ಗಡಿಯಾರ ಇದೆ ಅಂದುಕೊಳ್ಳಿ. ರಾಡು ಹತ್ತು ಗಂಟೆಯಿಂದ ಒಂದು ಗಂಟೆಗೆ ಹೋಗಲಿ, ಅಲ್ಲಿ ನಿಲ್ಲಲಿ. ಹಿಂದೆ ದಾರ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿರಿ. ಆಮೇಲೆ ಮುಂದೆ."

ಕಾಯುವುದೇ ವಿದ್ಯೆ. ಲ್ಯಾಬಿನಲ್ಲಿ ಕೋಶಗಳು ಬೆಳೆಯಲಿ ಎಂದು ದಿನಗಟ್ಟಲೆ ಕಾಯುವ ನನಗೆ ಇಲ್ಲಿ ಅರ್ಧ ಸೆಕೆಂಡು ಕಾಯಲು ಆಗಲಿಲ್ಲ. ನಾನು ಮೊದಲು ಹಿಡಿದದ್ದು ನನ್ನ ಜಡೆಯನ್ನು. ಎರಡನೆಯದು ಪೊದೆ. ಮೂರನೆಯದು ವಾಲ್ಟರರ ಹ್ಯಾಟು.

ನಿಜವಾದ ಹೊಳೆಗೆ ಹೋಗುವ ಹಿಂದಿನ ವಾರ ಶ್ರೀಧರ ತನ್ನ ರಾಡಿನ ಮೇಲೆ ಕಾರಿನ ಬಾಗಿಲು ಹಾಕಿದ. ಎರಡು ತುಂಡು. ವಾಲ್ಟರ್ ತಮ್ಮ ಹಳೆಯ ಬಿದಿರಿನ ರಾಡನ್ನು ಬಟ್ಟೆಯ ಚೀಲದಿಂದ ತೆಗೆದು ಕೊಟ್ಟರು. "ಇದು ನಿನಗಿಂತ ಹಿರಿಯದು" ಎಂದರು. ಆಮೇಲೆ ಇನ್ನೊಂದು ಮಾತನ್ನು ಮೂರು ಸಲ ಹೇಳಿದರು: ವೇಡರ್ಸ್ ಮೇಲೆ ಸೊಂಟಕ್ಕೆ ಬೆಲ್ಟು ಬಿಗಿಯಾಗಿ ಕಟ್ಟಬೇಕು. ಇಲ್ಲದಿದ್ದರೆ ಬಿದ್ದಾಗ ಒಳಗೆ ನೀರು ತುಂಬುತ್ತದೆ.

ನಮ್ಮ ತಲೆಯಲ್ಲಿ ಉಳಿದದ್ದು ಯಾವುದು? ರಾಡು.

ಯಾಕೆಂದರೆ ಅದು ಇಸ್ಕೊಂಡು ಬಂದದ್ದು. ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಗೊತ್ತು, ಸ್ವಂತದ್ದು ಒಡೆದರೆ ಬೈಗುಳ, ಪಕ್ಕದ ಮನೆಯದ್ದು ಒಡೆದರೆ ಪ್ರಳಯ. ಪಕ್ಕದ ಮನೆಯ ಇಡ್ಲಿ ಪಾತ್ರೆ ನಮ್ಮಲ್ಲಿದ್ದ ಎರಡು ದಿನ ಅಮ್ಮ ಅದಕ್ಕೆ ಕಾವಲು ಕೂರುತ್ತಿದ್ದರು. ನಾನೂ ಹಾಗೆಯೇ ಸಿಯೆರಾ ಬೆಟ್ಟದ ತನಕ ನಾಲ್ಕು ಗಂಟೆ ಆ ರಾಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ದಾರಿಯಲ್ಲಿ ರೆಸ್ಟ್‌ರೂಮಿಗೂ ಒಬ್ಬರಾದ ಮೇಲೆ ಒಬ್ಬರು ಹೋದೆವು.

ಹೊಳೆಯ ದಡದಲ್ಲಿ ಪುಳಿಯೋಗರೆ, ಮೊಸರನ್ನ. ಊಟವಾದ ಮೇಲೆ ಶ್ರೀಧರ ಬೆಲ್ಟು ಸಡಿಲ ಮಾಡಿದ. ನಾನು ನೋಡಿದೆ. ನೋಡಿ ನಕ್ಕೆ.

ಈಗ ಎರಡು ಹದಿನೇಳು.

ಟೋಪಿಯ ಹಿಂದೆಯೇ ಅವನ ತಲೆ ಮೇಲೆ ಬಂತು, ಮತ್ತೆ ಹೋಯಿತು. ಹಿಮ ಕರಗಿದ ನೀರು, ನೋಡಲು ಸೊಂಟದಷ್ಟೇ ಆಳ, ಸೆಳೆತ ಮಾತ್ರ ಫ್ರೀವೇಯ ವೇಗದ್ದು. ಪ್ಯಾಂಟಿನೊಳಗೆ ನೀರು ತುಂಬಿ ಅವನ ಕಾಲುಗಳು ಮೂಟೆಗಳಾಗಿದ್ದವು. ನಾನು ಓಡಿದೆ. ಹೊಳೆ ಹರಿಯುವ ದಿಕ್ಕಿಗೇ ಓಡಿ, ಕಲ್ಲುಗಳ ನಡುವೆ ಆಳವಿಲ್ಲದ ಕಡೆ ನೀರಿಗಿಳಿದೆ.

ಪಾಟ್‌ಲಕ್ಕಿನಲ್ಲಿ ಇದನ್ನು ಸಮಯಪ್ರಜ್ಞೆ ಎನ್ನುತ್ತಾರೆ.

ನಾನು ಓಡಿದ್ದು ರಾಡಿನ ಹಿಂದೆ. ಅದು ಅವನ ಕೈ ಬಿಟ್ಟು ತೇಲಿಹೋಗುತ್ತಿತ್ತು. ನನ್ನ ಕಣ್ಣಿಗೆ ಆ ಕ್ಷಣ ಬೇರೇನೂ ಕಾಣಲಿಲ್ಲ. "ರಾಡು! ರಾಡು!" ಎಂದು ಕೂಗುತ್ತಾ ಹೋಗಿ ಅದನ್ನು ಹಿಡಿದೇಬಿಟ್ಟೆ. ಉಸಿರು ಬಂತು. ಆಗ ಅದೇ ಸೆಳೆತದಲ್ಲಿ ಗಂಡನೂ ಬಂದ. ಎಡಗೈಯಲ್ಲಿ ಅವನ ಪ್ಯಾಂಟಿನ ಭುಜದ ಪಟ್ಟಿ ಸಿಕ್ಕಿತು. ಅವನ ಭಾರಕ್ಕೆ ನಾನು ಕುಸಿದು ಕೂತೆ. ನೀರು ಅವನನ್ನು ಎಳೆಯಿತು, ಅವನು ನನ್ನನ್ನು ಎಳೆದ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿದವು.

ಆಚೆ ದಡದಲ್ಲಿ ಮೀನು ಹಿಡಿಯುತ್ತಿದ್ದ ಬಿಳಿ ಗಡ್ಡದವನೊಬ್ಬ ನೀರಿಗಿಳಿದು ನಮ್ಮ ಕಡೆ ಬರುತ್ತಾ ಅರಚುತ್ತಿದ್ದ. "ಡ್ರಾಪ್ ಇಟ್! ಲೇಡಿ, ಡ್ರಾಪ್ ದ ರಾಡ್! ಯೂಸ್ ಬೋತ್ ಹ್ಯಾಂಡ್ಸ್!"

ನಾನೂ ಅರಚಿದೆ. ಏನೆಂದು?

"ಇಟ್ಸ್ ನಾಟ್ ಮೈನ್!"

ಎಂಎಸ್‌ಸಿ, ರ‍್ಯಾಂಕ್ ವಿದ್ಯಾರ್ಥಿನಿ.

ಗಡ್ಡದವನು ಬಂದು ಶ್ರೀಧರನ ಕಂಕುಳಿಗೆ ಕೈಹಾಕಿ ಎಳೆದು ದಡಕ್ಕೆ ಒಗೆದ. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ. ಒಳಗಿನ ನೀರು ಚೆಲ್ಲಲು ಅವನ ಕಾಲೆತ್ತಿ ಹಿಡಿಯಬೇಕಾಯಿತು. ಆಗಲೂ ನನ್ನ ಬಲಗೈಯಲ್ಲಿ ರಾಡು ಇತ್ತು. ಒಂದು ಗೀರೂ ಬಿದ್ದಿರಲಿಲ್ಲ.

ಮುಂದಿನ ಶನಿವಾರ ಒಂದು ಡಬ್ಬಿ ಮೈಸೂರು ಪಾಕಿನ ಜೊತೆ ಅದನ್ನು ಹಿಂದಿರುಗಿಸಿದೆವು. (ಇಸ್ಕೊಂಡದ್ದನ್ನು ಬರಿಗೈಯಲ್ಲಿ ವಾಪಸ್ ಕೊಡುವುದುಂಟೇ?) ಕಥೆ ಕೇಳಿದ ವಾಲ್ಟರ್ ರಾಡಿನ ಕಡೆ ನೋಡಲೂ ಇಲ್ಲ. ಶ್ರೀಧರನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಬೆಲ್ಟು?" ಎಂದರು. ನಾನು ಮೈಸೂರು ಪಾಕಿನ ಡಬ್ಬಿ ಮುಂದೆ ಚಾಚಿದೆ.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಅದೇ ಸೆಳೆತ, ಅದೇ ಪಟ್ಟಿ, ಬಿಚ್ಚಿಕೊಳ್ಳುವ ಬೆರಳು. ಗಡ್ಡದವನು ಅರ್ಧ ನಿಮಿಷ ತಡಮಾಡಿದ್ದರೆ ನಾನು ಯಾವ ಕೈ ಬಿಡುತ್ತಿದ್ದೆ? ಎದ್ದು ಕೂತು ಗಂಡನ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ. ಹಗಲಲ್ಲಿ ಅವನು ನನ್ನನ್ನು ಇನ್ನಷ್ಟು ಹೊಗಳುತ್ತಿದ್ದ. ಹೊಗಳಿದಷ್ಟೂ ಹೇಳುವುದು ಕಷ್ಟವಾಗುತ್ತಿತ್ತು. ಹೇಳಿದರೆ ಆಮೇಲೆ ಅವನು ನನ್ನನ್ನು ಹೇಗೆ ನೋಡುತ್ತಾನೆ?

ಕಳೆದ ಮಂಗಳವಾರ 101 ಹೈವೇಯಲ್ಲಿ ಟ್ರಾಫಿಕ್ಕು ನಿಂತೇಹೋಗಿತ್ತು. ಅವನು ಡ್ರೈವ್ ಮಾಡುತ್ತಿದ್ದ. ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡುತ್ತಾ ಹೇಳಿಬಿಟ್ಟೆ.

"ಶ್ರೀ, ಅವತ್ತು ನಾನು ಓಡಿದ್ದು ನಿನಗೋಸ್ಕರ ಅಲ್ಲ. ರಾಡಿಗೋಸ್ಕರ."

"ಗೊತ್ತು."

"ಏನು ಗೊತ್ತು?"

"'ರಾಡು ರಾಡು' ಅಂತ ಕೂಗಿದ್ಯಲ್ಲ. ಮುಳುಗ್ತಾ ಇದ್ದೆ, ಕಿವುಡ ಆಗಿರ್ಲಿಲ್ಲ."

"ಮತ್ತೆ ಎಲ್ಲರ ಹತ್ರ ಹಾಗ್ಯಾಕೆ ಹೇಳ್ತೀಯ?"

"ಇನ್ ಹೇಗೆ ಹೇಳ್ಲಿ? ಗಂಡನ್ನ ಬಿಟ್ಟು ಕೋಲು ಹಿಡಿಯೋಕೆ ಹೋದ್ಲು ಅಂತಲಾ? ಮರ್ಯಾದೆ ಯಾರ್ದು ಹೋಗೋದು?" ಸ್ಟಿಯರಿಂಗಿನ ಮೇಲೆ ಬೆರಳು ಬಡಿದ. "ಆ ಗಡ್ಡದಪ್ಪ 'ಡ್ರಾಪ್ ಇಟ್' ಅಂದ ನೋಡು, ನಂಗೆ ನಿಜವಾಗ್ಲೂ ಭಯ ಆಗಿದ್ದು ಆಗ. ಇವಳು ಯಾವುದನ್ನ ಬಿಡ್ತಾಳೋ ಅಂತ."

ನನಗೆ ನಗು ಬಂತು. ಅಳುವೂ ಬಂತು. ಪಕ್ಕದ ಕಾರಿನವಳು ನೋಡಿದಳು.

ಸ್ವಲ್ಪ ಹೊತ್ತಾದ ಮೇಲೆ ಅವನೇ ತಗ್ಗಿದ ದನಿಯಲ್ಲಿ ಹೇಳಿದ: "ಮೂರಕ್ಕೆ ಹೊರಡೋಣ ಅಂತ ನೀನು ಕೂಗಿದ್ದಕ್ಕೆ ನಾನು ಬಿದ್ದಿದ್ದಲ್ಲ. ಕಾಲು ಜಾರ್ತು. ಪಕ್ಕದಲ್ಲೇ ಬಂಡೆ ಇತ್ತು, ಕೈ ಊರಿದ್ರೆ ಸಾಕಿತ್ತು. ರಾಡು ತಾಗತ್ತೆ ಅಂತ ಎರಡೂ ಕೈ ಮೇಲೆತ್ತಿಬಿಟ್ಟೆ." ಗೇರ್ ಹಾಕಿದ. ಕಾರು ಎರಡು ಅಡಿ ಮುಂದೆ ಹೋಯಿತು. "ಯಾರಿಗೂ ಹೇಳ್ಬೇಡ."

ಆ ಮಂಗಳವಾರ ಹತ್ತೂವರೆಗೆ ಮಲಗಿದವಳು ಬುಧವಾರ ಬೆಳಿಗ್ಗೆ ಏಳೂವರೆಗೆ ಎದ್ದೆ. ನಡುವೆ ಒಮ್ಮೆಯೂ ಎಚ್ಚರವಾಗಲಿಲ್ಲ. ಲ್ಯಾಬಿನ ಎಂಟರ ಮೀಟಿಂಗು ತಪ್ಪಿತು.

ಗಂಡನಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎನ್ನುವುದರಲ್ಲಿ ಇಷ್ಟೊಂದು ನಿದ್ದೆ ಇದೆ ಎಂದು ಯಾರಾದರೂ ಮೂರು ವಾರ ಮುಂಚೆ ಹೇಳಬಾರದಿತ್ತೇ?