ಸಿಲಿಂಡರಣ್ಣ ಕೇಳಿದ ಬಣ್ಣದ ಡಬ್ಬಿ

ಅವತ್ತು ಮಧ್ಯಾಹ್ನ ಸಿಲಿಂಡರಣ್ಣ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ನಿದ್ದೆಹೋದ. ಆಸ್ಪತ್ರೆಗೆಲ್ಲ ಆಕ್ಸಿಜನ್ ಸಿಲಿಂಡರ್ ಹೊತ್ತು ಜೋಡಿಸುವ ಆಳು, ಅದಕ್ಕೇ ಆ ಹೆಸರು. ಊರಿಗೆ ಸಾಂಕ್ರಾಮಿಕ ರೋಗ ಬಂದ ಮೇಲೆ ಜೊತೆಯವರಿಬ್ಬರೂ ಹಾಸಿಗೆ ಹಿಡಿದರು. ಇವನಿಗೆ ಇಪ್ಪತ್ತಮೂರು ದಿನದಿಂದ ರಜೆಯಿಲ್ಲ.

“ರೀ, ಅನ್ನಕ್ಕೆ ಕಾವಲು ಕೂತಿದ್ದೀರಾ?” ಅಂದಳು ಹೆಂಡತಿ. ಕಣ್ಣು ಬಿಡದೇ ನಕ್ಕ.

ಉಣ್ಣುತ್ತಾ ಮತ್ತದೇ ಗೋಳು ತೆಗೆದ. ಬರಿದಾದ ಸಿಲಿಂಡರ್ ಮೇಲೆ ಸೀಮೆಸುಣ್ಣದ ಗೀಟು ಹಾಕುವುದು ಅಲ್ಲಿನ ರೂಢಿ. ಈಗ ಹೊತ್ತುಹೊತ್ತಿಗೆ ಔಷಧಿ ನೀರು ಹೊಡೆಯುತ್ತಾರೆ, ಗೀಟು ತೊಳೆದುಹೋಗುತ್ತದೆ. ಒಂದು ಡಬ್ಬಿ ಬಣ್ಣ ಕೊಡಿ, ಇನ್ನೊಬ್ಬ ಆಳು ಕೊಡಿ ಎಂದು ಮೂರು ಸಲ ಕೇಳಿದ್ದ. ಇಷ್ಟು ವರ್ಷ ನಡೀಲಿಲ್ವಾ ಅಂದಿದ್ದರು ಆಸ್ಪತ್ರೆಯ ಸಾಹೇಬರು, ಬಾಗಿಲು ಪೂರ್ತಿ ತೆರೆಯದೆ.

ಮಾರನೇ ದಿನ ಅವನು ಗೀಟು ಅಳಿಸಿಹೋಗಿದ್ದ ಬರಿದಾದ ಸಿಲಿಂಡರನ್ನೇ ಜೋಡಿಸಿದ. ಗಾಳಿ ಎಷ್ಟಿದೆಯೆಂದು ತೋರಿಸುವ ಮಾಪಕದ ಮುಳ್ಳು ಎಂದೋ ಕೆಟ್ಟು ನಿಂತಿತ್ತು. ಗೊತ್ತಾಗಿ ಇನ್ನೊಂದನ್ನು ಉರುಳಿಸಿಕೊಂಡು ಓಡಿಬರುವಷ್ಟರಲ್ಲಿ ಹಾಸಿಗೆಯಲ್ಲಿದ್ದ ಟೀಚರಮ್ಮನ ಉಸಿರು ನಿಂತಿತ್ತು. ಅವರ ಮಗಳು ಇವನ ಕೊರಳಪಟ್ಟಿ ಹಿಡಿದು ಜಗ್ಗಿದಳು. ಬಿಡಿಸಿಕೊಳ್ಳದೆ ಜಗ್ಗಿಸಿಕೊಂಡ. ಮೂರು ಸಲ ಕೇಳಿದರೂ ಒಂದು ಡಬ್ಬಿ ಬಣ್ಣ ತರಿಸಲಾರದ ಸಾಹೇಬರು ಹತ್ತೇ ನಿಮಿಷದಲ್ಲಿ ‘ನೌಕರನ ನಿರ್ಲಕ್ಷ್ಯ’ ಎಂದು ಬರೆದು ಕೈತೊಳೆದುಕೊಂಡರು.

ಅದೇ ವಾರ ಅವನಿಗೂ ರೋಗ ಹತ್ತಿತು. ಒಂಬತ್ತನೇ ದಿನ ಅದೇ ವಾರ್ಡಿನಲ್ಲಿ ತೀರಿಕೊಂಡ.

ಆಮೇಲೆ ಗೇಟಿಗೆ ಅವನ ಫೋಟೋ ಕಟ್ಟಿದರು, ಕೆಳಗೆ ‘ವೀರ ಯೋಧ’ ಅಂತ. ಹೆಂಡತಿ ಅದನ್ನು ಓದಿದಳು. ಬದುಕಿದ್ದಾಗ ಒಂದು ದಿನ ರಜೆ ಕೊಡದ ಜನ. ಸಾಹೇಬರು ಒಳಗೆ ಕರೆಸಿ ಬೆಣ್ಣೆಯಂಥ ಮಾತಾಡಿದರು. ಗಂಡನ ಕೆಲಸ ನಿನಗೇ ಕೊಡಿಸುತ್ತೇನೆ, ತಪ್ಪೆಲ್ಲ ಅವನದೇ ಎಂಬ ಈ ಹಾಳೆಗೆ ಒಂದು ಸಹಿ ಹಾಕಿಬಿಡು ಎಂದರು.

“ತಪ್ಪು ಮಾಡಿದ್ದಾರೆ, ಬರೀತೀನಿ,” ಅಂದಳು. “ಬಣ್ಣ ಕೇಳಿದ್ದೂ ಬರೀತೀನಿ, ನೀವು ಕೊಡದೇ ಇದ್ದದ್ದೂ ಬರೀತೀನಿ.”

“ಅಷ್ಟಕ್ಕೆಲ್ಲ ಇದರಲ್ಲಿ ಜಾಗ ಇಲ್ಲಮ್ಮ.”

“ಹಾಳೆಗೆ ಹಿಂಬದಿ ಇಲ್ವಾ?”

ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಹಿಂಬದಿ ತುಂಬ ಬರೆದಳು. ಟೀಚರಮ್ಮನ ಮನೆಗೆ ಹೋಗಿ ಮಗಳಿಗೂ ಅದನ್ನೇ ಬರೆದುಕೊಟ್ಟಳು. ಆ ಹುಡುಗಿ ಓದಿ, ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಗಂಡನ ಕೆಲಸ ಹೇಗೋ ಹೆಂಡತಿಗೇ ಬಂತು. ಆ ವಾರ್ಡಿಗೆ ಕಾಲಿಡಲು ಬೇರೆ ಯಾರೂ ಒಪ್ಪಲಿಲ್ಲ.

ಈಗ ದಿನಾ ಬೆಳಿಗ್ಗೆ ಆರಕ್ಕೆ ಹೋಗಿ, ಒಂದೊಂದು ಸಿಲಿಂಡರಿನ ಕೀಲಿಯನ್ನೂ ಚೂರು ತಿರುಗಿಸಿ ಕಿವಿಗೊಟ್ಟು ನಿಲ್ಲುತ್ತಾಳೆ. ಬುಸ್ ಅಂದರೆ ತುಂಬಿದ್ದು, ವಾರ್ಡಿಗೆ; ಅನ್ನದಿದ್ದರೆ ಬರಿದು, ಗೋಡೆಯಾಚೆಗೆ.